ಮೇಲಿಂದ ತೆಗೆದ ರಾಕೆಟ್ಟಿನ ಪಟ

ಮಕ್ಕಳೇ, ನೀವು ಫೋನಿನಲ್ಲಿ ಆಕಾಶದಿಂದ ತೆಗೆದ ಚಿತ್ರಗಳನ್ನು ತೋರಿಸುವಾಗ ನನಗೆ ನಗರದ ಕೋಟೆಯ ಬುರುಜು ನೆನಪಾಗುತ್ತದೆ. ನಗರ ಎಂದರೆ ಪೇಟೆಯಲ್ಲ, ಹೊಸನಗರದಾಚೆಯ ನಮ್ಮ ನಗರ. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ಅಜ್ಜ ಅಲ್ಲಿ ಮೇಷ್ಟ್ರು. ನಾನು ಮದುವೆಯಾಗಿ ಬಂದು ಒಂದು ವರ್ಷವಾಗಿತ್ತು.

ಆಗ ಒಂದು ವಾರಪತ್ರಿಕೆಯಲ್ಲಿ, ಬಾಹ್ಯಾಕಾಶಕ್ಕೆ ಹಾರುವ ರಾಕೆಟ್ಟಿನ ಎರಡು ಚಿತ್ರ ಬಂದಿದ್ದವು. ಒಂದನ್ನು ಬಹಳ ಎತ್ತರದಲ್ಲಿ ಹಾರುವ ವಿಮಾನದಿಂದ ತೆಗೆದಿದ್ದರಂತೆ. ಮೋಡ ತೂರಿಕೊಂಡು ರಾಕೆಟ್ಟು ಮೇಲೆ ಬರುತ್ತಿತ್ತು. ಇನ್ನೊಂದನ್ನು ತೆಗೆದವರು ಗಗನನೌಕೆಯಲ್ಲಿ ಭೂಮಿಯನ್ನು ಸುತ್ತುತ್ತಿದ್ದವರು. ಅದರಲ್ಲಿ ರಾಕೆಟ್ಟೇ ಕಾಣುತ್ತಿರಲಿಲ್ಲ, ಹತ್ತಿಯ ಎಳೆಯಂಥ ಹೊಗೆ ಮಾತ್ರ. ಅಜ್ಜ ಆ ಪತ್ರಿಕೆಯನ್ನು ಊಟಕ್ಕೆ ಕೂತಾಗಲೂ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು.

“ಮೇಲೆ ಹೋಗೋದನ್ನ ಮೇಲಿಂದ ತೆಗ್ದೋರು ಯಾರೋ?” ಎಂದು ಅತ್ತೆ ಕೇಳಿದರು.

“ಅವ್ರು ಮೊದ್ಲೇ ಹೋಗಿ ಸುತ್ತುತಾ ಇರ್ತಾರೆ ಅಮ್ಮಾ.”

“ಹಂಗಾರೆ ಊಟ?”

“ಕಟ್ಕೊಂಡು ಹೋಗಿರ್ತಾರೆ.”

“ನೀ ಮೊದ್ಲು ಉಣ್ಣು. ಸಾರು ತಣ್ಣಗಾಯ್ತು.”

ದೀಪಾವಳಿಗೆ ಅಜ್ಜ ಸಾಗರದ ಗೆಳೆಯರೊಬ್ಬರಿಂದ ಕ್ಯಾಮೆರಾ ತಂದರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹುಲಿಕಲ್ಲಿಗೆ ಹೋಗಿ, ಘಾಟಿಯ ಕೆಳಗಿನ ಮೋಡವನ್ನು ವಿಮಾನದಿಂದ ಕಂಡ ಹಾಗೆ ತೆಗೆಯುತ್ತೇನೆಂದು ಹನ್ನೊಂದನ್ನು ಮುಗಿಸಿಕೊಂಡು ಬಂದರು. ಉಳಿದ ಒಂದರಲ್ಲಿ ಹಬ್ಬದ ರಾಕೆಟ್ಟು ಹಾರುವುದನ್ನು ಬುರುಜಿನ ಮೇಲಿಂದ ಹಿಡಿಯಬೇಕೆಂದು ಅವರ ಲೆಕ್ಕ. ಮರುದಿನ ಕ್ಯಾಮೆರಾ ಸಾಗರಕ್ಕೆ ಹಿಂತಿರುಗಬೇಕಿತ್ತು.

ಆ ಒಂದು ಚಿತ್ರ ನನಗೂ ಬೇಕಿತ್ತು. ಹೊನ್ನೆಮರಡಿನ ಹತ್ತಿರದ ತವರಿನಲ್ಲಿ ನನ್ನ ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಳು. “ನೀನು ಹೇಗಿದ್ದೀಯೋ ಎಂದು ದಿನಾ ಕೇಳುತ್ತಾಳೆ. ನಿನ್ನದೊಂದು ಪಟವಾದರೂ ಕಳಿಸು” ಎಂದು ತಮ್ಮ ಬರೆದಿದ್ದ. ಆ ಕಾಗದವನ್ನು ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದೆ. ಅತ್ತೆಯೆದುರು ಗಂಡನೊಡನೆ ಮಾತಾಡುವ ರೂಢಿ ಇರಲಿಲ್ಲ. ಅವರು ಪಕ್ಕದಲ್ಲೇ ಕೂತಿದ್ದರೂ ಹೇಳಬೇಕಾದ್ದನ್ನು ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳುತ್ತಿದ್ದರು. ಇಬ್ಬರೇ ಇದ್ದಾಗಲೂ ನನಗೆ ಬಾಯಿ ಬರುತ್ತಿರಲಿಲ್ಲ.

ಪಾಡ್ಯದ ಮಧ್ಯಾಹ್ನ ಮೂವರೂ ಕೋಟೆಗೆ ಹೋದೆವು. ಅಜ್ಜ ಬುರುಜು ಹತ್ತಿ ನಿಂತರು. ನಾನು ಕೆಳಗೆ ಸೀಸೆಯಲ್ಲಿ ರಾಕೆಟ್ಟು ನಿಲ್ಲಿಸಿ ಊದುಬತ್ತಿ ಹಿಡಿದುಕೊಂಡೆ. ಅತ್ತೆ ದೂರದಲ್ಲೊಂದು ಕಲ್ಲಿನ ಮೇಲೆ ಕೂತರು.

“ಅಮ್ಮಾ, ಹಚ್ಚೋಕೆ ಹೇಳು ಅವ್ಳಿಗೆ.”

“ಹಚ್ಬೇಕಂತೆ.”

“ಹಚ್ಚಿ ಓಡೋಕೆ ಹೇಳು.”

“ಓಡ್ಬೇಕಂತೆ. ಸೆರಗು ಜೋಪಾನ.”

ಬತ್ತಿಗೆ ಕಿಡಿ ತಾಗಿಸಿದೆ. ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟೆ. ಇನ್ನು ಅಮ್ಮನಿಗೆ ಕಳಿಸಲು ಏನೂ ಉಳಿಯುವುದಿಲ್ಲ ಎನಿಸಿತು. ಮುಖವೆತ್ತಿ ಕೂಗಿದೆ.

“ರೀ, ಆ ಪಟ ನಂಗೆ ಬೇಕು.”

ಸುಂಯ್ ಎಂದು ರಾಕೆಟ್ಟು ಹೋಯಿತು. ಮೇಲೆ ಕ್ಯಾಮೆರಾ ಟಿಕ್ ಎಂದದ್ದು ನನಗೆ ಕೇಳಿಸಲಿಲ್ಲ. ಅತ್ತೆಯ ಮಾತು ಕೇಳಿಸಿತು. “ಇವ್ಳಿಗೆ ಬಾಯಿದ್ಯಲ್ಲೋ.”

ಅಜ್ಜ ಇಳಿದು ಬಂದು, ಅತ್ತೆಯೆದುರೇ ನನ್ನನ್ನು ಕೇಳಿದರು. “ಎಂತಕ್ಕೆ ಬೇಕಿತ್ತು?”

“ಅಮ್ಮಂಗೆ ಕಳ್ಸೋಕೆ.”

“ಮೊದ್ಲೇ ಹೇಳ್ಬಾರ್ದಾಗಿತ್ತಾ? ಮುಗ್ದೋಯ್ತಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಹೆಚ್ಚು ಅಳು ತರಿಸಿತು.

ಸಾಗರದಲ್ಲಿ ರೋಲು ತೊಳೆಸಿದ ಮೇಲೆ ಚಿತ್ರಗಳು ಬಂದವು. ಮೋಡಗಳೆಲ್ಲ ಬರಿಯ ಬಿಳುಪು. ಕೊನೆಯದರಲ್ಲಿ ರಾಕೆಟ್ಟು ಸಿಕ್ಕಿರಲಿಲ್ಲ, ಅಂಚಿನಲ್ಲಿ ಒಂದೆಳೆ ಹೊಗೆ. ನಡುವೆ ಪುಟ್ಟದಾಗಿ ನಾನು, ಊದುಬತ್ತಿ ಹಿಡಿದು, ಆಕಾಶಕ್ಕೆ ಮುಖ ಮಾಡಿ, ಇಷ್ಟಗಲ ಬಾಯಿ ತೆರೆದು ನಿಂತಿದ್ದೆ. ನಾಚಿಕೆಯಾಗಿ ಕಳಿಸುವುದು ಬೇಡವೆಂದೆ. ಅಜ್ಜ ಕೇಳಲಿಲ್ಲ, ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿದರು.

ತಮ್ಮನ ಉತ್ತರ ಬಂತು. “ಪಟ ನೋಡಿದವರೆಲ್ಲ ನಗುತ್ತಾರೆ. ಅಮ್ಮ ಮಾತ್ರ ನಗುವುದಿಲ್ಲ. ‘ಗಂಡನ ಮನೇಲಿ ನನ್ ಮಗಳು ಗಟ್ಟಿಯಾಗಿ ಮಾತಾಡ್ತಾಳೆ, ಅಷ್ಟು ಸಾಕು’ ಅನ್ನುತ್ತಾಳೆ. ಈಗ ರಾತ್ರಿ ನಿದ್ದೆ ಮಾಡುತ್ತಾಳೆ.”

ಕಾಗದ ಮಡಿಸಿಟ್ಟು, ಅತ್ತೆ ಒಲೆಯ ಮುಂದೆ ಇದ್ದಾಗಲೇ, ನಿಮ್ಮ ಅಜ್ಜನನ್ನು ನಾನೇ ಊಟಕ್ಕೆ ಕರೆದೆ.