ಚೈನ್ ಕವರಿನ ಮೇಲಿದ್ದ ಹೆಸರು

ಹಳೆಯ ಸೈಕಲ್ಲುಗಳನ್ನು ಕೊಳ್ಳುವವರೊಬ್ಬರು ನಿನ್ನೆ ಬೀದರಿನಿಂದ ಭಾಲ್ಕಿಯ ನಮ್ಮ ಮನೆಗೆ ಬಂದಿದ್ದರು. ಮೂಲೆಯಲ್ಲಿದ್ದ ಸೈಕಲ್ಲಿನ ಚೈನ್ ಕವರನ್ನು ಉಗುರಿನಿಂದ ಕೆರೆದು ನೋಡಿದರು. "ಮ್ಯಾಲಿಂದ ಬಣ್ಣ ಹಚ್ಚ್ಯಾರಲ್ರಿ ಅಕ್ಕಾರ. ವಿಂಟೇಜ್ ಅನ್ಬೇಕಂದ್ರ ಮೊದಲಿನ ಬಣ್ಣಾನ ಇರಬೇಕ್ರಿ" ಎಂದರು.

ಆ ಬಣ್ಣ ಹಚ್ಚಿದವಳು ನಾನೇ.

ಸೈಕಲ್ ನಮ್ಮ ಮುತ್ಯಾನ, ಅಂದರೆ ಅಜ್ಜನ ಗೆಳೆಯ, ದರ್ಜಿ ಮಹಬೂಬ್ ಚಾಚಾನದು. ೧೯೪೮ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಹೆಂಡತಿ ಮಕ್ಕಳೊಡನೆ ಊರು ಬಿಡುವಾಗ "ಎರಡ್ ದಿನ ಇಟ್ಕೋ ದೋಸ್ತ" ಎಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹೋದವನು ಮರಳಲಿಲ್ಲ. ಮುತ್ಯಾ ಅದನ್ನು ಒಮ್ಮೆಯೂ ಹತ್ತಲಿಲ್ಲ. ಪ್ರತಿ ಸೋಮವಾರ ಎಣ್ಣೆಬಟ್ಟೆಯಿಂದ ಒರೆಸಿ, ಚಕ್ರಗಳಿಗೆ ಗಾಳಿ ತುಂಬುತ್ತಿದ್ದ.

ನಾನು ಚಿಕ್ಕವಳಿದ್ದಾಗ ಒಂದು ಆಯುಧ ಪೂಜೆಯ ಹಿಂದಿನ ದಿನ ಅವನು ಹೊಲಕ್ಕೆ ಹೋಗಿದ್ದಾಗ, ಕಿಟಕಿಗೆ ಬಳಿದು ಉಳಿದ ಕರಿಬಣ್ಣವನ್ನೆಲ್ಲ ನಾನು ಸೈಕಲ್ಲಿಗೆ ಹಚ್ಚಿಬಿಟ್ಟೆ. ಚೈನ್ ಕವರಿನ ಮೇಲೆ ಹಳದಿ ಉರ್ದು ಅಕ್ಷರಗಳಲ್ಲಿ ಚಾಚಾನ ಹೆಸರಿತ್ತು. ಉರ್ದು ಬಾರದ ನಾನು ಅದನ್ನು ಮಾಸಿದ ಗೀರು ಎಂದುಕೊಂಡಿದ್ದೆ.

"ಮುತ್ಯಾ, ಹೊಸಾದು ಆಗೇದ ನೋಡು!"

ಅವನು ಬೈಯಲಿಲ್ಲ. ಒದ್ದೆ ಬಣ್ಣದ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಅವನ ಮಕ್ಕಳು ಬಂದ್ರ, ಇದು ನಿಮ್ಮಪ್ಪಂದ ಅಂತ ಏನ್ ತೋರಸ್ಲಿ ಯವ್ವಾ?" ಎಂದ. ಮುಂದಿನ ಸೋಮವಾರ ಎಣ್ಣೆಬಟ್ಟೆಯನ್ನು ಕೈಗೆತ್ತಿಕೊಳ್ಳಲಿಲ್ಲ.

ನಿನ್ನೆ, ಬಂದವರು ಹೋದ ಮೇಲೆ, ಬ್ಲೇಡು ಹಿಡಿದು ಮೆಲ್ಲಗೆ ಕೆರೆದೆ. ಕಪ್ಪಿನ ಜೊತೆಗೆ ಹಳದಿಯೂ ಎದ್ದು ಬಂತು. ಕೆಳಗೆ ಬರೀ ತಗಡಿತ್ತು.