ಪೊರ್ಬುಗಳು ಹೊಲಿದ ಮೈ

ಪೊರ್ಬುಗಳು ಎದುರಿಗೆ ಸಿಕ್ಕಿದರೆ ಮೊದಲು ನಮ್ಮ ತೋಳನ್ನು ಹಿಡಿದು ಒತ್ತಿ ನೋಡುತ್ತಿದ್ದರು. ಕ್ಷೇಮಸಮಾಚಾರವೆಲ್ಲ ಆಮೇಲೆ. ನನ್ನ ತೋಳನ್ನು ಒತ್ತಿದಾಗಲೆಲ್ಲ, "ಮಾಸ್ಟ್ರೇ, ಇಲ್ಲಿ ಎಂತದೂ ಇಲ್ಲ" ಎಂದು ವೈದ್ಯರ ಗಾಂಭೀರ್ಯದಿಂದ ಹೇಳುತ್ತಿದ್ದರು. ನಿಜವಾಗಿಯೂ ಅಲ್ಲಿ ಏನೂ ಇರಲಿಲ್ಲವಾದ್ದರಿಂದ ನಾನು ಸಿಟ್ಟಾಗುವಂತೆಯೂ ಇರಲಿಲ್ಲ.

ಅವರ ಹೆಸರು ಪಾಸ್ಕಲ್. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು ರೂಢಿ. ಕುಂಬಳೆ ಪೇಟೆಯಲ್ಲಿ ಮಾತ್ರ ಬರೇ 'ಪೊರ್ಬುಗಳು' ಎಂದರೆ ರೈಲ್ವೇ ಸ್ಟೇಶನಿನ ದಾರಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಈ ದರ್ಜಿಯೊಬ್ಬರೇ. ಅಂಗಿ, ಕೋಟು, ಪಾದ್ರಿಗಳ ನಿಲುವಂಗಿ ಎಲ್ಲವನ್ನೂ ಹೊಲಿಯುತ್ತಿದ್ದರು. ಆದರೆ ಅವರಿಗೆ ಪ್ರೀತಿ ಇದ್ದದ್ದು ನಾಟಕದವರಿಗೆ ಮೈ ಹೊಲಿದು ಕೊಡುವುದರಲ್ಲಿ. ಮೈ ಎಂದರೆ ಮೈಯೇ. ಎದೆ, ತೋಳು, ಹೆಗಲು.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹೆಡ್‌ಮಾಸ್ತರರು ತಾವೇ ಒಂದು ನಾಟಕ ಬರೆದರು. ಅದರಲ್ಲಿ ಅರಮನೆಯ ಜಟ್ಟಿಯ ಪಾತ್ರ ನನಗೆ ಬಂತು. ನನ್ನ ಗಂಟಲು ದೊಡ್ಡದು. ಗಂಟಲಿನಿಂದ ಕೆಳಗೆ ಪೊರ್ಬುಗಳು ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಅವರು ಹದಿನೈದು ದಿನ ತೆಗೆದುಕೊಂಡರು. ಮೈಗೆ ಬಿಗಿಯಾದ ಬನಿಯನ್ನಿನ ಮೇಲೆ ಬೂರುಗದ ಹತ್ತಿಯನ್ನು ಉಂಡೆ ಉಂಡೆಯಾಗಿ ಇಟ್ಟು ಹೊಲಿದರು. ಅದರ ಮೇಲೆ ತೆಳು ಬಟ್ಟೆಯ ಪಟ್ಟಿ ಹಾಸಿ, ಗುಡ್ಡದ ತೋಟಗಳಿಂದ ಬಾಟ್ಲಿಯಲ್ಲಿ ತರಿಸಿದ ರಬ್ಬರ್ ಹಾಲನ್ನು ಕೋಳಿಪುಕ್ಕದಿಂದ ಹಚ್ಚಿದರು. ಒಂದು ಪದರ ನೆರಳಿನಲ್ಲಿ ಒಣಗಿದ ಮೇಲೆ ಇನ್ನೊಂದು. ಕೊನೆಯ ಪದರಕ್ಕೆ ಚೂರು ಕಾವಿ ಬೆರೆಸಿದರು. ಒಣಗಿದಾಗ ಅದು ಬಿಸಿಲಿನಲ್ಲಿ ದುಡಿದವನ ಚರ್ಮದ ಬಣ್ಣಕ್ಕೇ ಬಂತು. ನಾನು ಕೈ ಮಡಚಿದರೆ ತೋಳಿನ ಉಂಡೆ ಮೇಲೇಳಬೇಕು ಎಂದು ಮೊಣಕೈ ಹತ್ತಿರ ಒಂದು ಅಂಚನ್ನು ಅಂಟಿಸದೆ ಸಡಿಲ ಬಿಟ್ಟಿದ್ದರು.

ಅಷ್ಟು ಜಾಣ ಮನುಷ್ಯ ಒಂದು ಕಡೆ ಎಡವಿದರು. ಅಳತೆಗೆಂದು ಅವರು ಹಿಡಿದದ್ದು ಸ್ಟೇಶನಿನಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದ ಅದ್ದ್ರಾಮನನ್ನು. ಅದ್ದ್ರಾಮ ಇಪ್ಪತ್ತು ವರ್ಷ ಬಲ ಹೆಗಲಿನಲ್ಲೇ ಹೊತ್ತವನು. ಅವನ ಬಲ ಹೆಗಲು ಎಡದ್ದಕ್ಕಿಂತ ನಾಲ್ಕು ಬೆರಳು ಎತ್ತರ, ಮೇಲೆ ಮೂಟೆ ಉಜ್ಜಿ ಎದ್ದ ಒಂದು ದಡ್ಡು ಬೇರೆ. ಪೊರ್ಬುಗಳು ಅದನ್ನು ಹಾಗೆಯೇ, ದಡ್ಡಿನ ಸಮೇತ, ನನ್ನ ಮೇಲೆ ಇಳಿಸಿದರು. ಮಧ್ಯಾಹ್ನದ ಬೆಳಕಿನಲ್ಲಿ ನಾನು ರಂಗಕ್ಕೆ ಬಂದು ತೊಡೆ ತಟ್ಟಿದೆ. ಬೆಂಚಿನ ಸಾಲಿನಿಂದ ಒಬ್ಬ, "ಅದು ನಮ್ಮ ಅದ್ದ್ರಾಮನ ಹೆಗಲಲ್ವಾ ಮಾರಾಯ?" ಎಂದ. ಆಮೇಲೆ ನನ್ನ ದೊಡ್ಡ ಗಂಟಲನ್ನು ಕೇಳುವವರೇ ಇರಲಿಲ್ಲ. ಅದ್ದ್ರಾಮ ಎದ್ದು ನಿಂತು ನಾಲ್ಕೂ ಕಡೆ ಕೈ ಮುಗಿದ.

ಮಾರನೆಯ ದಿನ ನಾನು ಜಗಳಕ್ಕೆಂದೇ ಹೋದೆ. ಪೊರ್ಬುಗಳು ಸೂಜಿಗೆ ನೂಲು ಪೋಣಿಸುತ್ತ, "ಎರಡು ಹೆಗಲೂ ಸಮ ಇದ್ರೆ ಅದು ಕೂತು ಉಣ್ಣುವವನ ಮೈ ಮಾಸ್ಟ್ರೇ. ಜಟ್ಟಿ ಕೆಲಸದವನು ಅಲ್ವಾ?" ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಹೊರಡಲಿಲ್ಲ.

ಇದಾಗಿ ಮೂರು ವರ್ಷಕ್ಕೆ ಪೊರ್ಬುಗಳಿಗೇ ಮೈ ಇಳಿಯತೊಡಗಿತು. ಉಂಡದ್ದು ದಕ್ಕುತ್ತಿರಲಿಲ್ಲ. ಮಂಗಳೂರಿನ ಡಾಕ್ಟರು ಹೊಟ್ಟೆಹುಣ್ಣು ಎಂದರು. ಪೇಟೆಯವರು ಕ್ಷಯ ಎಂದರು. ಡಾಕ್ಟರು ಒಬ್ಬರು, ಪೇಟೆ ದೊಡ್ಡದು. ಪೊರ್ಬುಗಳ ಒಬ್ಬಳೇ ಮಗಳು ಫ್ಲೋರಿನ್, ತಾಯಿಯಿಲ್ಲದ ಹುಡುಗಿ, ಮದುವೆಗೆ ನಿಂತಿದ್ದಳು. ಒಂದು ಸಂಬಂಧ ಮನೆಯಂಗಳದವರೆಗೆ ಬಂದು, ಅಪ್ಪನ ಎದೆಗೂಡನ್ನು ನೋಡಿ ನೀರೂ ಮುಟ್ಟದೆ ತಿರುಗಿ ಹೋಯಿತು. ಎರಡನೆಯದು ಕುಂಬ್ಡಾಜೆಯ ಲಾಜರ್ ಎಂಬವರ ಮಗನದು. ಅವರು ಬರುವ ದಿನ ಬೆಳಿಗ್ಗೆ ಪೊರ್ಬುಗಳು ನನ್ನನ್ನು ಕರೆಸಿದರು.

ಒಳಕೋಣೆಯ ಮಂಚದ ಮೇಲೆ ಒಂದು ಹೊಸ ಮೈ ಮಲಗಿತ್ತು. ಅದೇ ಬನಿಯನ್, ಅದೇ ಹತ್ತಿ, ಅದೇ ರಬ್ಬರ್ ಹಾಲು.

"ಹಿಂದಿನ ಲಾಡಿ ಕಟ್ಟಲಿಕ್ಕೆ ನನಗೆ ಕೈ ಎಟಕುವುದಿಲ್ಲ. ಇದರೊಳಗೆ ಹೊಕ್ಕು ಬಂದವರಲ್ಲಿ ಹತ್ತಿರ ಇರುವವರು ನೀವೊಬ್ರೇ," ಎಂದರು.

"ಪೊರ್ಬುಗಳೇ, ಇದು ಮೋಸ ಆಗುದಿಲ್ವಾ?"

"ಅಳತೆ ಯಾರದ್ದೂ ಅಲ್ಲ, ನನ್ನದೇ. ನನ್ನ ಮದುವೆ ಕೋಟು ಉಂಟಲ್ಲ, ಅದು ತುಂಬುವಷ್ಟು ಮಾತ್ರ ಹತ್ತಿ ಇಟ್ಟಿದ್ದೇನೆ. ಮಗಳದ್ದು ಒಂದು ಆಗಿ ಹೋಗ್ಲಿ ಮಾಸ್ಟ್ರೇ."

ನಾನು ಲಾಡಿ ಬಿಗಿದೆ. ಬೆನ್ನಿನ ಎಲುಬುಗಳು ಒಂದೊಂದಾಗಿ ಕೈಗೆ ತಾಗುತ್ತಿದ್ದವು. ನನಗೆ ಅಳು ಬಂತು. ಹಿಂದೆ ನಿಂತಿದ್ದರಿಂದ ಅವರಿಗೆ ಕಾಣಲಿಲ್ಲ. ಮೇಲೆ ಕೋಟು ಹಾಕಿದಾಗ, ಹತ್ತು ವರ್ಷದ ಹಿಂದೆ ನಾನು ಮೊದಲು ಕಂಡ ದರ್ಜಿ ಕನ್ನಡಿಯಲ್ಲಿ ನಿಂತಿದ್ದರು.

ಎಪ್ರಿಲ್ ತಿಂಗಳ ಸೆಕೆ. ಲಾಜರರು ದೊಡ್ಡ ಆಳು. ಬಂದವರೇ ಪೊರ್ಬುಗಳನ್ನು ತಬ್ಬಿಕೊಂಡರು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ ಅವರು ಕುರ್ಚಿ ಎಳೆದು ಕೂತು ಬೆಲ್ಲ ನೀರು ಕುಡಿದರು, ಹುಡುಗಿಯ ಹತ್ತಿರ ಎರಡು ಮಾತು ಆಡಿದರು, ಅಲ್ಲೇ ಒಪ್ಪಿಗೆ ಹೇಳಿದರು. ಅಷ್ಟು ಹೊತ್ತೂ ಪೊರ್ಬುಗಳ ಕುತ್ತಿಗೆಯಿಂದ ಬೆವರು ಇಳಿಯುತ್ತಲೇ ಇತ್ತು. ಮುಂದಿನ ತಿಂಗಳೇ ಮದುವೆಯಾಯಿತು. ಅಲ್ಲೂ ಅವರು ಅದೇ ಕೋಟಿನಲ್ಲಿ ನಿಂತು ಎಲ್ಲರನ್ನೂ ಮಾತಾಡಿಸಿದರು.

ವರ್ಷ ತುಂಬುವ ಮೊದಲು ಪೊರ್ಬುಗಳು ತೀರಿಕೊಂಡರು. ಮಣ್ಣು ಕೊಟ್ಟು ಗುಡ್ಡ ಇಳಿಯುವಾಗ ಲಾಜರರು ನನ್ನ ಜೊತೆಗಾದರು.

"ನಾನು ದಿನಾ ರಬ್ಬರ್ ಹಾಲಿಗೆ ಕೈ ಹಾಕುವವ ಮಾಸ್ಟ್ರೇ. ಅಂದು ತಬ್ಬಿಕೊಂಡ ಕೂಡಲೇ ವಾಸನೆ ಬಂತು," ಎಂದರು.

"ಮತ್ತೆ ಹೇಗೆ ಒಪ್ಪಿದ್ರಿ?"

"ಅಷ್ಟು ಹತ್ತಿ ದಾಟಿ ಆ ಮನುಷ್ಯನ ಎದೆ ಹೊಡ್ಕೊಳ್ಳುವುದು ನನಗೆ ತಾಗ್ತಾ ಇತ್ತು. ಬೇಡ ಅನ್ನಲಿಕ್ಕೆ ಬಾಯಿ ಬರ್ಲಿಲ್ಲ."

ಹಿಂದಿನ ವಾರವಷ್ಟೇ ನಾನು ಪೊರ್ಬುಗಳನ್ನು ನೋಡಿ ಬಂದಿದ್ದೆ. ಏಳಲಾರದೆ ಮಲಗಿದ್ದವರು ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳಿಸಬಾರದೆಂದು ತಗ್ಗಿದ ಸ್ವರದಲ್ಲಿ, "ಆ ಒಂದು ಕೆಲಸ ಮಾತ್ರ ಯಾರಿಗೂ ಗೊತ್ತಾಗ್ಲಿಲ್ಲ ನೋಡಿ" ಎಂದು ನಕ್ಕಿದ್ದರು.