ಪಂಚೆ ತೇಪೆಯ ಸ್ಪೀಕರ್

ತಪ್ಪು ನನ್ನದೇ. ಚೆನ್ನಾಗಿದ್ದ ಸ್ಪೀಕರನ್ನು ರಿಪೇರಿ ಮಾಡಿಸಿ ಹಾಳು ಮಾಡಿದವನು ನಾನು. ಯಾರೂ ಮಾಡಿಸು ಅಂದಿರಲಿಲ್ಲ. ಜಾಣ ಅನ್ನಿಸಿಕೊಳ್ಳುವ ಚಟ.

ಸ್ಪೀಕರ್ ಕುಣಿಗಲ್ಲಿನ ನನ್ನ ಗಿಟಾರ್ ಗುರುವಿನದು. ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಗಣೇಶನ ಪೆಂಡಾಲು, ಆರತಕ್ಷತೆ ಅಂತ ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಬಾರಿಸಿದವರು. ಬಡಗಿಯೊಬ್ಬ ಪ್ಲೈವುಡ್ಡಿನಲ್ಲಿ ಹೊಡೆದುಕೊಟ್ಟ ಪೆಟ್ಟಿಗೆ, ಒಳಗೊಂದು ಹನ್ನೆರಡಿಂಚಿನ ಸ್ಪೀಕರ್. ಅದರ ದನಿ ಹೊರಡಿಸುವ ಪೇಪರ್ ಕೋನ್ ಯಾವುದೋ ಪ್ರೋಗ್ರಾಮಿನಲ್ಲಿ ಹರಿದಾಗ ಅಣ್ಣ ಹಳೇ ಪಂಚೆ ಚೂರಿಗೆ ಮೈದಾ ಅಂಟು ಸವರಿ ತೇಪೆ ಹಾಕಿದ್ದರು. ಅವತ್ತಿನಿಂದ ಅದರ ದನಿ, ನೆಗಡಿಯಾದ ಹೆಂಗಸು ಜೋಗುಳ ಹಾಡಿದ ಹಾಗೆ. ನಾನು ಗುಬ್ಬಿಯ ನಮ್ಮ ಮನೆಯಲ್ಲಿ ಮೂಗು ಹಿಡಿದುಕೊಂಡು ಅದನ್ನು ಅಣಕಿಸುತ್ತಿದ್ದೆ. ನಮ್ಮಪ್ಪನ ಆಕಳಿಕೆಯನ್ನೇ ಬಿಡದವನು, ಸ್ಪೀಕರನ್ನು ಬಿಡುತ್ತೇನೆಯೇ?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅಣ್ಣನ ಎಡಗಿವಿ ಹೋಯಿತು. ಬಲಗಿವಿಯೂ ಹೆಚ್ಚು ದಿನ ಇರಲ್ಲ ಅಂದರು ಡಾಕ್ಟರು. ಒಂದು ಭಾನುವಾರ ಅಣ್ಣ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು.

"ಇಪ್ಪತ್ತೊರ್ಷ ಇದರ ಮುಂದೆ ನಿಂತ್ಕೊಂಡ್ ಬಾರ್ಸಿದೀನಿ ಕಣೋ. ಬಾರ್ಸೋನಿಗೆ ಗ್ಯಾನವೆಲ್ಲ ಕೈ ಮೇಲೆ. ಕಿವಿ ಇರೋವಾಗ ಒಂದಿನ ಜನದ ಥರ ಎದುರುಗಡೆ ಕೂತು ಕೇಳ್ಬೇಕು. ತಗೊಂಡೋಗಿ ಪ್ರಾಕ್ಟೀಸ್ ಮಾಡ್ಕೊಂಡ್ ಬಾ. ನಿನ್ ಕೈ ಇನ್ನೂ ಎಮ್ಮೆ ಕಾಲಿದ್ದಂಗೈತೆ."

ಎಮ್ಮೆ ಕಾಲಿನವನು ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ತುಮಕೂರಿಗೆ ಬಂದ. ಶಿರಾ ಗೇಟಿನ ಹತ್ತಿರ ಲಗ್ನಪತ್ರಿಕೆ ಟೈಪು ಮಾಡುವ ಅಂಗಡಿಯಲ್ಲಿ ನನಗೆ ಕೆಲಸ. ಪಕ್ಕದಲ್ಲೇ ಸಾಬರ ಸ್ಪೀಕರ್ ರಿಪೇರಿ. ಗುರುವಿಗೆ ಹೊಸಾ ಕೋನ್ ಹಾಕಿಸಿ ಖುಷಿ ಪಡಿಸೋಣ ಅಂತ ನನ್ನ ತಲೆಗೆ ಹೊಳೆಯಿತು.

ಸಾಬರು ತೇಪೆ ಮೇಲೆ ಬೆರಳಾಡಿಸಿದರು. "ಮಾತಾಡ್ತಾ ಇದೆಯಲ್ಲಪ್ಪ ಇದು. ಯಾಕೆ ಕೀಳ್ಬೇಕು?"

"ಯಾಕೆ ಕೀಳ್ಬೇಕು?" ಅಂತ ನಾನು ಅವರದೇ ದನಿಯಲ್ಲಿ ಅಂದೆ. ಅವರು ನಗಲಿಲ್ಲ. ಕಿತ್ತರು.

ಹೊಸಾ ಕೋನಿನ ಪೆಟ್ಟಿಗೆಯನ್ನು ಕುಣಿಗಲ್ಲಿಗೆ ಹೊತ್ತೊಯ್ದು ಒಂದು ತಂತಿ ಮೀಟಿದೆ. ಅಣ್ಣ ಬಲಗಿವಿ ಮುಂದೆ ಮಾಡಿ ಕೂತಿದ್ದವರು ಮುಖ ಎತ್ತಿದರು.

"ಇದ್ಯಾರ್ದೋ ದನಿ?"

ಹೇಳಿದೆ. ಅಣ್ಣ ಕುರ್ಚಿ ಮುಂದಕ್ಕೆಳೆದುಕೊಂಡರು. "ಹೋಗ್ಲಿ ಬುಡು. ಬಾರ್ಸು."

ನನ್ನಿಂದಾಗಲಿಲ್ಲ. "ಅದೇ ದನಿ ತಂದೇ ಬಾರಿಸ್ತೀನಿ ಅಣ್ಣ" ಅಂತ ಎದ್ದು ಬಂದುಬಿಟ್ಟೆ. ಸಾಬರಲ್ಲಿಗೆ ಓಡಿದರೆ ಹಳೇ ಕೋನ್ ಕಸದ ಜೊತೆ ಹೋಗಿಯಾಗಿತ್ತು.

ಉಳಿದದ್ದು ಕಂಪ್ಯೂಟರ್. ಪರದೇಶದ ಸ್ಪೀಕರ್ ಪೆಟ್ಟಿಗೆಗಳ ದನಿಯನ್ನು ಹಿಡಿದಿಟ್ಟ ಫೈಲುಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತಿದ್ದವು. ಎಲೆಕ್ಟ್ರಿಕ್ ಗಿಟಾರಿನ ಬರೀ ತಂತಿ ಸದ್ದು ಡಬ್ಬಿಯೊಳಗಿನ ಜೇನ್ನೊಣ. ಅದನ್ನು ಆ ಫೈಲಿನೊಳಗೆ ಹಾಯಿಸಿದರೆ ಆ ಪೆಟ್ಟಿಗೆಯಿಂದಲೇ ಬಂದ ಹಾಗೆ ಕೇಳುತ್ತದೆ. ದಿನಾ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಮುಗಿಯದ ಲಗ್ನಪತ್ರಿಕೆ ಪಕ್ಕಕ್ಕೆ ಸರಿಸಿ, ಅವುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದೆ. ಒಂದು ಎಂ.ಎಲ್.ಎ. ಭಾಷಣದ ಥರ ಬರೀ ಎದೆ. ಇನ್ನೊಂದು ಬಸ್‌ಸ್ಟ್ಯಾಂಡಿನ ಅನೌನ್ಸರ್, ಬರೀ ಮೂಗು. ನಮ್ಮ ಓನರ್ ಎಲೆಅಡಿಕೆ ಜಗಿಯುತ್ತಾ, "ಏನ್ಲಾ, ಮಿಕ್ಸಿ ರಿಪೇರಿಗೂ ಇಳಿದ್ಯಾ?" ಅನ್ನೋರು.

ಹೋಲಿಸಲು ಇದ್ದದ್ದು ತೇಪೆ ಪೆಟ್ಟಿಗೆಯಲ್ಲಿ ಅಣ್ಣ ಬಾರಿಸಿದ್ದ ಆರ್ಕೆಸ್ಟ್ರಾದ ಒಂದು ಹಳೇ ಕ್ಯಾಸೆಟ್. ಅದನ್ನು ಕೇಳಿ ಕೇಳಿ ಒಂದು ವಿಷಯ ಗೊತ್ತಾಯಿತು: ಆ ದನಿಯಲ್ಲಿ ಅರ್ಧ ಪೆಟ್ಟಿಗೆಯದು, ಇನ್ನರ್ಧ ಅದರಡಿಯ ಟೊಳ್ಳು ಸ್ಟೇಜಿನ ಹಲಗೆಯದು. ಎರಡು ಫೈಲು ಬೆರೆಸಿದೆ, ಮೇಲಿನ ಸ್ವರಗಳ ಚುರುಕು ಕತ್ತರಿಸಿದೆ, ಹಲಗೆಯ ಗುಮ್ಮೆನ್ನುವಿಕೆ ಸೇರಿಸಿದೆ. ಪಂಚೆಯ ಒರಟು ಮಾತ್ರ ಹತ್ತಿರ ಬಂದು ಬಂದು ಜಾರುತ್ತಿತ್ತು. ಸಿಗುವ ತನಕ ಯಾವ ಮುಖ ಹೊತ್ತು ಹೋಗಲಿ? ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಎರಡು ಸಲ ಅಂಗಡಿಗೆ ಫೋನ್ ಮಾಡಿದರು. "ಇವರು ಕೇಳ್ತಾವ್ರೆ, ಯಾವಾಗ್ ಬರ್ತೀಯಪ್ಪಾ?" ಮುಂದಿನ ವಾರ ಅಂದೆ, ಎರಡು ಸಲವೂ. ಏಳು ತಿಂಗಳು ಹೋದವು.

ಕೊನೆಗೆ ಸಿಕ್ಕಿತು. ಕ್ಯಾಸೆಟ್ಟಿನದು ಯಾವುದು, ನನ್ನದು ಯಾವುದು ಅಂತ ಸಾಬರಿಗೇ ಹೇಳಲಾಗಲಿಲ್ಲ. ಓನರ್ ಕಾಲು ಹಿಡಿದು ಕಂಪ್ಯೂಟರನ್ನೇ ಅದರ ಸ್ಪೀಕರ್ ಸಮೇತ ಕಟ್ಟಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ನಡುಮನೆಯಲ್ಲಿ ಎಲ್ಲ ಜೋಡಿಸಿ ಬಾರಿಸಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಣ್ಣ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಅದೇ ದನಿ ಅಲ್ವಾ ಅಣ್ಣ?" ಅಂದೆ. ಅವರು ನನ್ನ ಬಾಯಿ ನೋಡಿದರು. ಬಲಗಿವಿಯ ಹತ್ತಿರ ಹೋಗಿ ಕೂಗಿದೆ.

"ಕೂಗ್ಬೇಡಪ್ಪ," ಅಂದರು ಅತ್ತಿಗೆ. "ಹೋದ್ ತಿಂಗ್ಳೇ ಅದೂ ಹೋಯ್ತು. ಬರ್ದು ತೋರ್ಸು."

ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ಅದೇ ದನಿ ಸಿಕ್ತು ಅಣ್ಣ, ತಡವಾಯ್ತು.

ಅಣ್ಣ ಓದಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ಸು ಕೊಟ್ಟರು.

"ನಾನೇನೋ ಕಾಯ್ತಿದ್ದೆ ಕಣೋ. ಕಿವಿ ಕಾಯ್ಲಿಲ್ಲ."